ಕಟಕದ ಹಾಡು

ಎರಡು ನಿಮಿಷ ತಡವಾದರೆ ಯಾವ ಪ್ರಪಂಚ ಮುಳುಗಿಹೋಗುತ್ತದೆ ಎಂದು ತಿಪ್ಪಯ್ಯ ಜಗಳಕ್ಕೆ ನಿಂತಿದ್ದರೆ ಕೌಸಲ್ಯಳಿಗೆ ಎಷ್ಟೋ ವಾಸಿಯಾಗುತ್ತಿತ್ತು. ಅವನು ನಿಲ್ಲಲಿಲ್ಲ. ಟೈಮ್ ಆಫೀಸಿನ ಕಿಟಕಿಯಾಚೆ, ಕಡಬದಿಂದ ಬಸ್ಸಿನಲ್ಲಿ ಜೋತು ಬಿದ್ದು ಬಂದ ಬೆವರಿನಲ್ಲೇ ನಿಂತು, ತನ್ನ ಕಾರ್ಡಿನ ಮೇಲೆ ಅವಳ ಕೆಂಪು ಪೆನ್ನು ಓಡುವುದನ್ನು ನೋಡಿ, "ನೀವು ಬರೆದ್ರೆ ಬರೆದಂಗೆ ಬುಡಿ ಮೇಡಂ" ಎಂದು ಲೇತ್ ಮಷೀನಿನ ಕಡೆಗೆ ಹೋಗಿಬಿಟ್ಟ. ಆ ಮಾತು ಹೊಗಳಿಕೆಯೋ ಬೈಗುಳವೋ ಎಂದು ಅವಳು ಹನ್ನೆರಡೂವರೆಯವರೆಗೂ ಯೋಚಿಸಿದಳು. ಅಂತರಸನಹಳ್ಳಿಯ ಈ ಪಂಪ್ ಕಾರ್ಖಾನೆಗೆ ಸೇರಿ ಆರು ವರ್ಷವಾಗಿತ್ತು. ಗಡಿಯಾರ ಕಾರ್ಡಿನ ಮೇಲೆ ಎಷ್ಟು ಗಂಟೆ ಒತ್ತುತ್ತದೋ ಅಷ್ಟೇ. ಒಂದು ನಿಮಿಷವನ್ನೂ ಅವಳು ಯಾರಿಗೂ ಬಿಟ್ಟುಕೊಟ್ಟವಳಲ್ಲ. ಹೆಂಡತಿ ಹೆರಿಗೆ ಅಂದವರಿಗೂ ಇಲ್ಲ, ಸೈಕಲ್ ಪಂಕ್ಚರ್ ಅಂದವರಿಗೂ ಇಲ್ಲ. ಬೆನ್ನ ಹಿಂದೆ ಗಂಡಸರು ಏನೇನು ಅಂದುಕೊಳ್ಳುತ್ತಿದ್ದರೆಂದು ಅವಳಿಗೆ ಗೊತ್ತಿತ್ತು. ಮದುವೆಯಾಗದೆ ಒಣಗಿಹೋಗಿದಾಳೆ, ಅದಕ್ಕೇ ಹೀಗೆ ಅಂತ. ಅನ್ನಲಿ. ಈವತ್ತು ಶನಿವಾರ, ಅವಳಿಗೆ ಅರ್ಧ ದಿನ ರಜ, ನಾಲ್ಕು ಗಂಟೆಗೆ ಗುಬ್ಬಿಯ ಮನೆಗೆ ಕುಣಿಗಲ್ಲಿನವರು ಹೆಣ್ಣು ನೋಡಲು ಬರುವವರಿದ್ದರು. ರಜ ಕೊಡುವಾಗ ಸಾಹೇಬರು ಒಂದು ಥರ ನಕ್ಕಿದ್ದರು. ಹೋದ ವರ್ಷ ತಿಪಟೂರಿನವರು ಬಂದಾಗಲೂ, ಅದರ ಹಿಂದಿನ ವರ್ಷ ಇನ್ಯಾರೋ ಬಂದಾಗಲೂ ಅವರು ಹಾಗೇ ನಕ್ಕಿದ್ದರು.

ತುಮಕೂರಿನ ಬಸ್ ಸ್ಟ್ಯಾಂಡಿನ ಎದುರಿಗೆ ದಾಸಯ್ಯನ ರೇಡಿಯೋ ಅಂಗಡಿ. ಗುಬ್ಬಿ ಬಸ್ಸು ಬರುವ ತನಕ ಬಿಸಿಲು ತಪ್ಪಿಸಿಕೊಳ್ಳಲು ಅವಳು ಅದರ ತಗಡಿನ ಸೂರಿನ ಕೆಳಗೆ ನಿಲ್ಲುವುದು ರೂಢಿ. ಬಾಗಿಲಿಗೆ ತೂಗುಹಾಕಿದ ಸ್ಪೀಕರಿನಲ್ಲಿ ಯಾವಾಗಲೂ ಸಿನಿಮಾ ಹಾಡು. ಈವತ್ತು ಮಾತ್ರ ಏನೋ ಬೇರೆ. ಗಿಟಾರು ಗೋಳಿಡುತ್ತಿತ್ತು, ನೀರು ಬಸಿಯುವ ಸದ್ದು ಕೇಳುತ್ತಿತ್ತು, ಅದರಡಿಯಲ್ಲಿ ಒಂದು ತಂಬೂರಿ ಎಡೆಬಿಡದೆ ಗುಂಯ್‌ಗುಡುತ್ತಿತ್ತು. ಇಂಗ್ಲಿಷಿನಲ್ಲಿ ಯಾವನೋ ನಿದ್ದೆಗಣ್ಣಿನಲ್ಲಿ ಹಾಡುತ್ತಿದ್ದ. ತಲೆನೋವು ಬರಿಸಲೆಂದೇ ಮಾಡಿದ್ದಾರೆ ಅನ್ನಿಸಿ ಅವಳು ಆಚೆ ಹೆಜ್ಜೆ ಇಡುವಷ್ಟರಲ್ಲಿ ಗಿಟಾರು ನಿಂತಿತು. ಆಮೇಲೆ ಅಪ್ಪ ಮಾತಾಡಿದರು. ಬಿಸಿಲಲ್ಲಿ, ಬಸ್ಸುಗಳ ಹೊಗೆಯಲ್ಲಿ, ಸೌತೆಕಾಯಿ ಮಾರುವವಳ ತಲೆಯ ಮೇಲಿಂದ ಅಪ್ಪನ ಗಂಟಲು ತೇಲಿ ಬಂತು. ನಂದನನಾಮ ಸಂವತ್ಸರ, ಉತ್ತರಾಯಣ, ಮಾಘಮಾಸ, ಕೃಷ್ಣಪಕ್ಷ. ಅದು ಅವರು ಜಾತಕ ಓದುವ ರಾಗ. ಹುಟ್ಟಿದಾಗಿನಿಂದ ಹಜಾರದಿಂದ ಅಡುಗೆಮನೆಗೆ ಕೇಳುತ್ತಿದ್ದ, ಪ್ರತಿ ಪದದ ಕೊನೆಯಲ್ಲಿ ಸ್ವಲ್ಪ ಎಳೆಯುವ ರಾಗ. ಧನುರ್ಲಗ್ನ. ಆಶ್ಲೇಷಾ ನಕ್ಷತ್ರ, ನಾಲ್ಕನೇ ಪಾದ. ಕಟಕ ರಾಶಿ. ಅನಂತರಾಮಶರ್ಮನ ಧರ್ಮಪತ್ನಿ ಕಮಲಾಕ್ಷಿಯು ಪುತ್ರೀರತ್ನವನ್ನು ಹೆತ್ತಳು ಎಂಬುದನ್ನು ಸಂಸ್ಕೃತದಲ್ಲಿ ಹೇಳಿ ಅಪ್ಪ ನಿಲ್ಲಿಸಿದರು. ಹಾಡಿನ ಮಷೀನು ನಿಲ್ಲಿಸಲಿಲ್ಲ. ಪುತ್ರೀರತ್ನ, ಪುತ್ರೀರತ್ನ, ಪುತ್ರೀರತ್ನ ಎಂದು ಅದು ಅಪ್ಪನ ಒಂದೇ ಮಾತನ್ನು ಬಾವಿಯೊಳಗೆ ಕೂಗಿದ ಹಾಗೆ ಹೇಳುತ್ತಲೇ ಹೋಯಿತು, ಗಿಟಾರು ಮತ್ತೆ ಬಂದು ಅದನ್ನು ನುಂಗುವ ತನಕ.

ಇನ್ನೊಂದು ಸಲ ಹಾಕಿ ಎಂದು ಅವಳು ಕೇಳಿದಾಗ ದಾಸಯ್ಯ ಖುಷಿಪಟ್ಟ. ಬೆಂಗಳೂರಿನ ಹುಡುಗರು ಮಾಡಿದ ಗ್ರಾಮಫೋನ್ ಪ್ಲೇಟು, ಹನ್ನೆರಡು ರಾಶಿಗೆ ಹನ್ನೆರಡು ಹಾಡು, ಇದು ನಾಲ್ಕನೆಯದು, ಕಟಕದ್ದು ಎಂದು ವಿವರಿಸಿದ. ಅದನ್ನೇ ಕ್ಯಾಸೆಟ್ಟಿಗೆ ಇಳಿಸಿ ಇಟ್ಟಿದ್ದಾನಂತೆ, ಕಾಲೇಜು ಹುಡುಗರು ಈ ಹಾಡಿಗೇ ಮುಗಿಬೀಳುತ್ತಾರಂತೆ, ಕಣ್ಣು ಮುಚ್ಚಿಕೊಂಡು ಕೇಳಿದರೆ ಮೇಲಕ್ಕೆ ಎತ್ತಿಕೊಂಡು ಹೋಗುತ್ತದಂತೆ. "ಅದ್ಯಾವ್ದೋ ಮಂತ್ರ ಹಾಕವ್ರೆ ನೋಡಿ, ಅದೇ ಮಜಾ ಇರೋದು" ಎಂದ. ಮಂತ್ರವಲ್ಲ ಕಣಯ್ಯ, ನನ್ನ ಜಾತಕ ಎಂದು ಅವಳು ಹೇಳಲಿಲ್ಲ. ಮೂರು ಸಲ ಕೇಳಿದಳು. ಒಂದು ಬಸ್ಸು ಹೋಯಿತು. ಮೂರನೆಯ ಸಲಕ್ಕೆ ಅವಳ ಕಿವಿ ಬಿಸಿಯಾಗಿ, ಕೈಯೊಳಗಿನ ಊಟದ ಡಬ್ಬಿಯನ್ನು ಯಾರ ತಲೆಗಾದರೂ ಎಸೆಯಬೇಕು ಅನ್ನಿಸಿತು. ಯಾರ ತಲೆಗೆ ಎಂಬುದೂ ಗೊತ್ತಿತ್ತು.

ಎರಡು ವರ್ಷದ ಹಿಂದೆ ಆ ಹುಡುಗರು ಗುಬ್ಬಿಗೆ ಬಂದಿದ್ದಾಗ ಅವಳು ಡ್ಯೂಟಿಯಲ್ಲಿದ್ದಳು. ಅಮ್ಮ ಹೇಳಿದ್ದಷ್ಟೇ ಗೊತ್ತು. ಐದು ಜನ, ಹೆಗಲ ತನಕ ಕೂದಲು, ಒಬ್ಬನ ಷರಟಿನ ಮೇಲೆ ಸೂರ್ಯಕಾಂತಿ. ಎಲ್ಲರೂ ಅಪ್ಪನ ಕಾಲಿಗೆ ಬಿದ್ದರಂತೆ, ಅದರಲ್ಲೇ ಅಪ್ಪ ಕರಗಿಹೋದರಂತೆ. ಹಜಾರದಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಯಾವುದಾದರೂ ಕಟಕ ರಾಶಿಯ ಜಾತಕ ಓದಿ ಎಂದು ಕೇಳಿದರಂತೆ. ಯಾರದನ್ನು ಓದಿದಿರಿ ಎಂದು ಅವಳು ಸಂಜೆ ಕೇಳಿದ್ದಕ್ಕೆ ಅಪ್ಪ, ಯಾರದೋ ಹಳೇದು ಬಿಡು ಎಂದಿದ್ದರು. ಆರು ತಿಂಗಳಿಗೆ ಅಂಚೆಯಲ್ಲಿ ಪ್ಲೇಟು ಬಂತು. ಮನೆಯಲ್ಲಿ ಅದನ್ನು ಹಾಕುವ ಪೆಟ್ಟಿಗೆ ಇರಲಿಲ್ಲ. ಹೊದಿಕೆಯ ಮೇಲೆ ಬಣ್ಣಗಳೆಲ್ಲ ಕರಗಿ ಹರಿಯುತ್ತಿದ್ದವು, ನಡುವೆ ಒಂದು ನೇರಳೆ ಏಡಿ, ಅದರ ಬೆನ್ನಿನ ತುಂಬ ಕಣ್ಣು. ಅಪ್ಪ ಕನ್ನಡಕ ಹಾಕಿಕೊಂಡು ಅದರ ಕಾಲುಗಳನ್ನು ಎಣಿಸಿ, ಏಡಿಗೆ ಹತ್ತು ಕಾಲು, ಇವರು ಹನ್ನೆರಡು ಬರೆದಿದ್ದಾರೆ, ತಪ್ಪು ಎಂದರು. ಅವರ ಸ್ವಭಾವವೇ ಅಂಥದ್ದು. ಯುಗಾದಿಯ ದಿನ ದೇವಸ್ಥಾನದಲ್ಲಿ ಪಂಚಾಂಗ ಓದುವವರು ಒಂದು ಘಳಿಗೆ ಹೆಚ್ಚುಕಮ್ಮಿ ಮಾಡಿದರೆ ಜನರ ನಡುವಿನಿಂದಲೇ ತಿದ್ದುತ್ತಿದ್ದರು. ಸೋದರಮಾವ ತೀರಿಕೊಂಡ ದಿನ, ಹೆಣದ ಮುಂದೆ, ಸಂಕಲ್ಪದಲ್ಲಿ ಪುರೋಹಿತರು ತಪ್ಪಾಗಿ ಹೇಳಿದ ತಿಥಿಯನ್ನು ಅಳುತ್ತಳುತ್ತಲೇ ತಿದ್ದಿದ್ದರು. ತಪ್ಪು ಅಂಕಿ ಕಿವಿಗೆ ಬಿದ್ದರೆ ಅವರ ನಾಲಗೆ ಅವರ ಮಾತು ಕೇಳುತ್ತಿರಲಿಲ್ಲ. ಪ್ಲೇಟನ್ನು ಅಮ್ಮ ಅಕ್ಕಿ ಡಬ್ಬದ ಮೇಲೆ ಇಟ್ಟಳು, ಅದು ಅಲ್ಲೇ ಉಳಿಯಿತು. ಒಂದೂವರೆ ವರ್ಷ ದಿನಾ ಬೆಳಿಗ್ಗೆ ಅದನ್ನು ಎತ್ತಿ ಪಕ್ಕಕ್ಕಿಟ್ಟು, ಅಕ್ಕಿ ಅಳೆದುಕೊಂಡು, ಮತ್ತೆ ಮುಚ್ಚಿದ್ದವಳು ಅವಳೇ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ಅವಳು ಹುಟ್ಟಿದ್ದು ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ. ಇನ್ನಿಪ್ಪತ್ತು ನಿಮಿಷ ಅಮ್ಮನ ಹೊಟ್ಟೆಯಲ್ಲಿ ಸುಮ್ಮನಿದ್ದಿದ್ದರೆ ಆಶ್ಲೇಷ ಕಳೆದು ಮಖಾ ಬರುತ್ತಿತ್ತು, ಕಟಕ ಹೋಗಿ ಸಿಂಹವಾಗುತ್ತಿತ್ತು. ಆಶ್ಲೇಷದ ಕೊನೆಯ ಪಾದ ಹೆತ್ತ ತಂದೆಗೆ ಆಗಿಬರುವುದಿಲ್ಲವಂತೆ. ಅದಕ್ಕೇ ಹನ್ನೆರಡನೆಯ ದಿನದ ಶಾಂತಿಯಲ್ಲಿ ಅಪ್ಪ ಅವಳ ಮುಖವನ್ನು ಮೊದಲು ನೋಡಿದ್ದು ಕಂಚಿನ ಬಟ್ಟಲಿನ ಎಣ್ಣೆಯಲ್ಲಿ. ಅಜ್ಜಿ ಮಗುವನ್ನು ಹಿಂದಿನಿಂದ ಎತ್ತಿ ಹಿಡಿದಿದ್ದಳು, ಅಪ್ಪ ಬಗ್ಗಿ ಬಟ್ಟಲನ್ನು ನೋಡಿದರು. ಇದನ್ನು ಅಜ್ಜಿ ನಗುತ್ತಾ ಹೇಳುತ್ತಿದ್ದಳು, ನಿಮ್ಮಪ್ಪನಿಗೆ ನೀನು ಕಪ್ಪಗೆ ಕಂಡೆ ಅಂತ. ಅದು ಹೋಗಲಿ. ಬೆಳೆದ ಮೇಲೆ ತಿಳಿದದ್ದು ಇನ್ನೊಂದು. ಆಶ್ಲೇಷದ ಸೊಸೆ ಅತ್ತೆಯನ್ನು ಉಳಿಸುವುದಿಲ್ಲ ಎಂದು ಊರಿಗೆ ಊರೇ ನಂಬಿತ್ತು. ಮೂರು ಸಂಬಂಧ ಜಾತಕದಲ್ಲೇ ವಾಪಸು ಹೋದವು. ಗಂಡಿಗೆ ತಾಯಿಯಿಲ್ಲದ ಮನೆ ಇದ್ದರೆ ಹೇಳಿ ಎಂದು ಅಮ್ಮ ಒಬ್ಬರ ಹತ್ತಿರ ಕೇಳುವುದನ್ನು ಅವಳು ಕಿವಿಯಾರೆ ಕೇಳಿದ್ದಳು. ಯಾರೋ ಒಬ್ಬ ಹೆಂಗಸು ಸತ್ತಿರಲಿ ಎಂದು ಬಯಸಿದ ಹಾಗೆ. ಅವಳಿಗೆ ಇಪ್ಪತ್ತಮೂರು ತುಂಬಿದ ವರ್ಷ ಅಪ್ಪ ಬಾಗಿಲು ಹಾಕಿಕೊಂಡು ಕೂತು ಹೊಸ ಜಾತಕ ಬರೆದರು. ನಾಲ್ಕು ಐವತ್ತು. ಮಖಾ ನಕ್ಷತ್ರ, ಸಿಂಹ ರಾಶಿ. ನಲವತ್ತು ನಿಮಿಷ ತಡವಾಗಿ ಬಂದವಳೆಂದು ಅಪ್ಪನೇ ಅವಳ ಕಾರ್ಡು ತಿದ್ದಿದರು. ಆಮೇಲೆ ಬಂದ ಸಂಬಂಧಗಳು ಜಾತಕದಲ್ಲಿ ಕೂಡಿ ಬಂದವು. ಬಣ್ಣ, ವಯಸ್ಸು, ಕೆಲಸ, ಏನಾದರೊಂದರಲ್ಲಿ ಮುರಿದವು. ತಿಪಟೂರಿನವರು ಅವಳನ್ನು ನಡೆಸಿ ನೋಡಿದರು, ಕುಂಟೋ ಏನೋ ಅಂತ.

ಕುಣಿಗಲ್ಲಿನವರದು ಹಾಗಲ್ಲ, ಕೇಡು ಇರುವುದೇ ಅಲ್ಲಿ. ತಾಯಿ ರಂಗಲಕ್ಷ್ಮಮ್ಮ, ಮಗ ಶ್ರೀಕಂಠ, ಇಬ್ಬರೇ. ಅವನು ಅಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಒಂದು ಮುಂಜಿಯ ಮನೆಯಲ್ಲಿ, ಕೈತೊಳೆಯುವ ಸಾಲಿನಲ್ಲಿ, ಟೈಮ್ ಆಫೀಸು ಅಂದರೆ ಏನು ಕೆಲಸ ಎಂದು ಅವಳನ್ನು ಕೇಳಿದ್ದ. ಕೇಳಿ ಸುಮ್ಮನಾಗದೆ ಅವಳು ಹೇಳಿ ಮುಗಿಸುವ ತನಕ ಕೈ ಒದ್ದೆ ಮಾಡಿಕೊಂಡೇ ನಿಂತಿದ್ದ. ಇಪ್ಪತ್ತೆಂಟು ವರ್ಷದಲ್ಲಿ ಯಾರೂ ಹಾಗೆ ನಿಂತಿರಲಿಲ್ಲ. ಅವಳಿಗೆ ಅವನು ಬೇಕು. ಹೇಳಿಕೊಳ್ಳಲು ನಾಚಿಕೆಯಾದರೂ ಸರಿಯೇ, ಬೇಕು. ಆದರೆ ಅವನ ತಾಯಿಗೆ ಉಬ್ಬಸ. ಮುಂಜಿಮನೆಯಲ್ಲೇ ಆಕೆ ಮೆಟ್ಟಿಲ ಮೇಲೆ ಕೂತು ಎದೆ ಹಿಡಿದುಕೊಂಡಿದ್ದನ್ನು ಅವಳು ನೋಡಿದ್ದಳು. ನಕ್ಷತ್ರಗಿಕ್ಷತ್ರ ಎಲ್ಲ ಸುಳ್ಳು ಎಂದು ಅವಳು ತನಗೆ ತಾನೇ ನೂರು ಸಲ ಹೇಳಿಕೊಂಡಾಗಿತ್ತು. ಸುಳ್ಳೇ. ಆದರೂ ಆ ಮನೆಯಲ್ಲಿ ಆಕೆ ಒಂದೊಂದು ಸಲ ಕೆಮ್ಮಿದಾಗಲೂ ಇವಳು ಒಲೆಯ ಮುಂದೆ ಎಣಿಸುತ್ತಾ ಕೂರಬೇಕು. ಒಂದು ದಿನ ಆಕೆ ಹೋಗೇ ಹೋಗುತ್ತಾರೆ, ಉಬ್ಬಸದವರು ಹೋಗದೆ ಇರುತ್ತಾರೆಯೇ, ಅವತ್ತು ಶ್ರೀಕಂಠನ ಮುಖ ಹೇಗೆ ನೋಡುವುದು? ಇದನ್ನು ಅವಳು ಅಪ್ಪನಿಗೆ ಹೋದ ತಿಂಗಳೇ ಹೇಳಿದ್ದಳು. ನಿಜವನ್ನು ಹೇಳಿಬಿಡಿ, ಮೇಷ್ಟ್ರು ಓದಿದವರು, ಒಪ್ಪಿದರೆ ಒಪ್ಪಲಿ ಅಂತ. ನಿನಗೆ ಏನೂ ತಿಳಿಯಲ್ಲ ಎಂದು ಅಪ್ಪ ಬಾಯಿ ಮುಚ್ಚಿಸಿದ್ದರು. ಅದೇ ಅಪ್ಪ, ಗೊತ್ತು ಗುರಿಯಿಲ್ಲದ ಐದು ಜನ ಜಡೆಯ ಹುಡುಗರಿಗೆ ನಾಲ್ಕು ಹತ್ತನ್ನು ರಾಗವಾಗಿ ಹಾಡಿ ಕೊಟ್ಟಿದ್ದರು. ಹೇರೂರು ದಾಟುವಾಗ ಅವಳ ಹಲ್ಲು ಕಚ್ಚಿಕೊಂಡೇ ಇದ್ದವು, ಪಕ್ಕದಲ್ಲಿ ಕೂತವಳು ಹಲ್ಲುನೋವೇನಮ್ಮ ಎಂದು ಕೇಳಿದಳು.

ಅಪ್ಪ ಹಜಾರದಲ್ಲಿ ಜಮಖಾನ ಹಾಸುತ್ತಿದ್ದರು. ಬೆಳಿಗ್ಗೆಯೇ ಕ್ಷೌರ ಮಾಡಿಸಿಕೊಂಡು, ಅಂಚಿನ ಪಂಚೆ ಉಟ್ಟು, ಸಂಬಂಧ ಕುದುರುವ ದಿನದ ಉತ್ಸಾಹದಲ್ಲಿದ್ದರು. ಆ ಉತ್ಸಾಹ ಕಂಡು ಅವಳ ಮೈ ಉರಿಯಿತು. ಅವಳು ಅವರನ್ನು ಕರೆಯುವುದು ಅಣ್ಣ ಎಂದು. ಅವರ ಮನೆಗಳಲ್ಲಿ ಅಪ್ಪಂದಿರನ್ನು ಹಾಗೇ ಕರೆಯುವುದು. ಚಪ್ಪಲಿಯನ್ನೂ ಬಿಡದೆ, ಬಾಗಿಲಲ್ಲೇ ನಿಂತು ಕೇಳಿದಳು.

"ಅಣ್ಣ, ಆ ಹುಡುಗರಿಗೆ ನನ್ನ ಜಾತಕ ಯಾಕೆ ಓದಿದ್ರಿ?"

ಅಪ್ಪ ಜಮಖಾನದ ಸುಕ್ಕು ಬಿಡಿಸುತ್ತಲೇ ಇದ್ದರು. ಎಲ್ಲಿ ಕೇಳಿದೆ ಎಂದರು. ಅವಳು ಹೇಳಿದಳು. ಅವರ ಮುಖದಲ್ಲಿ ಭಯ ಕಾಣಬಹುದೆಂದುಕೊಂಡಿದ್ದಳು, ಕಂಡದ್ದು ಇನ್ನೊಂದು. ಚೆನ್ನಾಗಿ ಬಂದಿದೆಯಾ ಎಂದು ಕೇಳಿದರು. ದೇವರಾಣೆಗೂ ಹಾಗೇ ಕೇಳಿದರು. ಅಡುಗೆಮನೆಯಿಂದ ಅಮ್ಮ ಕಮಲಾಕ್ಷಮ್ಮ ಕೇಸರಿಬಾತಿನ ಸೌಟು ಹಿಡಿದುಕೊಂಡೇ ಬಂದು, ಅವರು ಬರೋ ಹೊತ್ತಾಯ್ತು, ಈಗ ಶುರು ಮಾಡಬೇಡ ಎಂದಳು. ಕೌಸಲ್ಯ ಜರುಗಲಿಲ್ಲ. ಹಾಗಾದರೆ ಸುಳ್ಳಿನದನ್ನೇ ಓದಬಹುದಿತ್ತಲ್ಲ, ಊರಿಗೆಲ್ಲ ಹಂಚಿದ್ದೀರಲ್ಲ ಅದನ್ನು ಎಂದಳು. ಅಪ್ಪ ಆಗ ತಲೆಯೆತ್ತಿದರು, ಆದರೆ ಅವಳ ಕಡೆ ನೋಡಲಿಲ್ಲ, ಅವಳ ಹಿಂದಿನ ಬಾಗಿಲನ್ನು ನೋಡಿದರು.

"ಕಟಕದ್ದು ಬೇಕು ಅಂದ್ರು. ಅಲ್ದೆ ಅದು ಪ್ಲೇಟು ಕಣಮ್ಮ, ಉಳಿಯೋ ವಸ್ತು. ನಾವೆಲ್ಲ ಹೋದ್ಮೇಲೂ ಇರತ್ತೆ. ಅಂಥದ್ರಲ್ಲಿ ತಪ್ಪು ಜಾತಕ ಓದೋಕೆ ನನಗೆ ನಾಲಗೆ ಬರ್ಲಿಲ್ಲ."

"ನನ್ನ ಮದುವೆ ಉಳಿಯೋ ವಸ್ತುವಲ್ವಾ?"

ಅಪ್ಪ ಮತ್ತೆ ಜಮಖಾನದ ಮೇಲೆ ಬಗ್ಗಿದರು. ಕುಣಿಗಲ್ಲಿನಲ್ಲಿ ಅಂಥ ಹಾಡು ಯಾರು ಕೇಳುತ್ತಾರೆ, ಕೇಳಿದರೂ ಯಾರಿಗೆ ಗೊತ್ತಾಗುತ್ತದೆ ಎಂದು ಜಮಖಾನಕ್ಕೆ ಹೇಳಿದರು. ಅಮ್ಮ ಅವಳ ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದಳು. ತಣ್ಣೀರು ಮುಖಕ್ಕೆ ಎರಚಿಕೊಳ್ಳುವಾಗ ಅವಳಿಗೆ ಅಳು ಬರಲಿಲ್ಲ, ಬಂದಿದ್ದರೆ ಸಿಟ್ಟು ಸ್ವಲ್ಪ ಇಳಿಯುತ್ತಿತ್ತೇನೋ. ಬೆಳಿಗ್ಗೆ ತಿಪ್ಪಯ್ಯನ ಎರಡು ನಿಮಿಷಕ್ಕೆ ಕೆಂಪು ಹಚ್ಚಿದ ಕೈ ಇದೇ ಎಂದು ಕೈಯನ್ನೇ ನೋಡಿಕೊಂಡಳು. ಆರು ವರ್ಷ ಬಡವರ ನಿಮಿಷಗಳನ್ನು ಕತ್ತರಿಸಿದ್ದು ಯಾರ ಮೇಲಿನ ಸಿಟ್ಟಿಗೆ? ಎಂಥ ಹಲ್ಕಾ ಕೆಲಸ ಮಾಡಿಕೊಂಡು ಬಂದೆ ಅನ್ನಿಸಿತು. ಅಮ್ಮ ಹೊರಗಿನಿಂದ ಸೀರೆಯ ಬಣ್ಣ ಯಾವುದೆಂದು ಕೂಗಿ ಕೇಳುತ್ತಿದ್ದಳು.

ಅವರು ನಾಲ್ಕಕ್ಕೆ ಐದು ನಿಮಿಷ ಮುಂಚೆ ಬಂದರು. ರಂಗಲಕ್ಷ್ಮಮ್ಮ ಬಸ್ ಸ್ಟ್ಯಾಂಡಿನಿಂದ ನಡೆದು ಬಂದ ಆಯಾಸಕ್ಕೆ ಜಗಲಿಯ ಮೇಲೇ ಕೂತು, ಸುಧಾರಿಸಿಕೊಂಡು ಒಳಗೆ ಬರ್ತೀನಿ ಎಂದರು. ಕೌಸಲ್ಯ ಬಿಸಿನೀರು ಕೊಟ್ಟಾಗ ಲೋಟದ ಜೊತೆ ಅವಳ ಬೆರಳನ್ನೂ ಹಿಡಿದುಕೊಂಡು, ಎಷ್ಟು ತಣ್ಣಗಿದೆಯಲ್ಲೇ ನಿನ್ನ ಕೈ ಎಂದರು. ಇಷ್ಟು ಒಳ್ಳೆಯವರಾಗಿರಬಾರದಿತ್ತು. ನಡೆಸಿ ನೋಡುವವರಾಗಿದ್ದರೆ, ಕೂದಲು ಎಳೆದು ನೋಡುವವರಾಗಿದ್ದರೆ, ಸುಳ್ಳು ಅವರಿಗೆ ತಕ್ಕದ್ದು ಎಂದುಕೊಂಡು ಅವಳು ಸುಮ್ಮನಿದ್ದುಬಿಡುತ್ತಿದ್ದಳು. ಶ್ರೀಕಂಠ ಜಮಖಾನದ ಅಂಚಿನಲ್ಲಿ ಕೂತು, ಆ ಗಡಿಯಾರ ಈಗಲೂ ಹಾಗೇ ಠಣ್ ಅಂತ ಒತ್ತುತ್ತಾ ಎಂದು ಕೇಳಿದ. ಅವನು ಮರೆತಿರಲಿಲ್ಲ. ಅವಳು ಹೂಂ ಎಂದಳು, ಅವನು ನಕ್ಕ, ಅಮ್ಮ ಬಾಗಿಲ ಸಂದಿಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಮಖಾ ನಕ್ಷತ್ರದ ಗುಣಗಳನ್ನು ಹೇಳತೊಡಗಿದರು. ಸಿಂಹ ರಾಶಿ, ಪಿತೃದೇವತೆ, ಮನೆಗೆ ಹಿರಿತನ ತರುವಂಥದ್ದು. ಸರಾಗವಾಗಿ, ಎಲ್ಲೂ ತಡವರಿಸದೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ನಾನೇ ಹಳಬಳು, ಜಾತಕ ನೋಡದೆ ನನಗೆ ಧೈರ್ಯ ಬರಲ್ಲ, ನೀವು ಬರೆದದ್ದು ಅಂದರೆ ಸರಿಯಾಗಿರತ್ತೆ ಎಂದರು ರಂಗಲಕ್ಷ್ಮಮ್ಮ. ಆಮೇಲೆ ಎಲ್ಲರೂ ಕೇಳುವುದನ್ನು ಅವರೂ ಕೇಳಿದರು: ಒಂದು ಹಾಡು ಹೇಳಮ್ಮ, ಯಾವುದಾದರೂ ಸರಿ, ಚಿಕ್ಕದು.

ಇಂಥ ಸಲಕ್ಕೆಂದು ಅಮ್ಮ ಕಲಿಸಿಟ್ಟ ದೇವರನಾಮ ಒಂದಿತ್ತು. ಏಳು ವರ್ಷದಿಂದ ಅದನ್ನೇ ಹೇಳಿ ಹೇಳಿ ಅದರ ದೇವರು ಅವಳಿಗೆ ಬೇಸರವಾಗಿಹೋಗಿದ್ದ. ಅವಳು ಜಮಖಾನದ ಹೂವನ್ನು ನೋಡುತ್ತಾ ಕೂತಳು. ಅಪ್ಪನನ್ನು ನೋಡದೆಯೇ ಅಪ್ಪ ಎಲ್ಲಿದ್ದಾರೆಂದು ಅವಳಿಗೆ ಗೊತ್ತಿತ್ತು. ಸುಮ್ಮನೆ ತಾನು ಹೇಳಿಬಿಟ್ಟರೆ ಅಪ್ಪ ನಕ್ಕುಬಿಡುತ್ತಾರೆ, ಮಗು ತಮಾಷೆ ಮಾಡ್ತಿದಾಳೆ ಎನ್ನುತ್ತಾರೆ, ಇವರೂ ನಂಬಿಬಿಡುತ್ತಾರೆ. ಸುಳ್ಳನ್ನು ಬರೆದವರ ಬಾಯಿಂದಲೇ ಅದು ಬರಬೇಕು. ಅವಳು ಗಂಟಲು ಸರಿಮಾಡಿಕೊಂಡು, ಅಪ್ಪನದೇ ರಾಗದಲ್ಲಿ, ಪ್ರತಿ ಪದದ ಕೊನೆಯನ್ನು ಅವರಂತೆಯೇ ಎಳೆದು ಶುರು ಮಾಡಿದಳು. ನಂದನನಾಮ ಸಂವತ್ಸರ. ಉತ್ತರಾಯಣ. ಶ್ರೀಕಂಠ ಮುಗುಳ್ನಕ್ಕ. ರಂಗಲಕ್ಷ್ಮಮ್ಮ ತಲೆದೂಗಿದರು, ಜ್ಯೋತಿಷಿಗಳ ಮನೆಯ ಹಾಡು ಎಂದುಕೊಂಡಿರಬೇಕು. ಮಾಘಮಾಸ, ಕೃಷ್ಣಪಕ್ಷ, ಧನುರ್ಲಗ್ನ. ಅಪ್ಪನ ಉಸಿರು ನಿಂತದ್ದು ಅವಳಿಗೆ ಕೇಳಿಸಿತು. ಆಶ್ಲೇಷಾ ನಕ್ಷತ್ರ, ಎಂದಳು, ಇನ್ನೂ ಸ್ವಲ್ಪ ಎಳೆದಳು, ಮೂರನೇ ಪಾದ.

"ನಾಲ್ಕನೇ ಪಾದ" ಎಂದರು ಅಪ್ಪ.

ಅಂದಮೇಲೆ ಅವರ ಬಾಯಿ ತೆರೆದೇ ಇತ್ತು. ಅವರ ಕೈ ಬಾಯಿಯ ಹತ್ತಿರ ಹೋಗಿ, ತಡವಾಯಿತೆಂದು ತಿಳಿದು, ಮತ್ತೆ ಮಡಿಲಿಗೆ ಇಳಿಯಿತು. ನಾಲ್ಕನೇ ಪಾದ, ಎಂದು ಕೌಸಲ್ಯ ತಿದ್ದಿಕೊಂಡು ಮುಂದೆ ಹಾಡಿದಳು, ಕಟಕ ರಾಶಿ ಎಂದಳು, ಬೆಳಗಿನ ಜಾವ ನಾಲ್ಕು ಗಂಟೆ ಹತ್ತು ನಿಮಿಷ ಎಂದು ಜಾತಕದಲ್ಲಿ ಇಲ್ಲದ ಕನ್ನಡದಲ್ಲೂ ಹೇಳಿದಳು, ಅಪ್ಪನ ಹೆಸರು ಅಮ್ಮನ ಹೆಸರು ಹೇಳಿದಳು. ಪುತ್ರೀರತ್ನ ಎಂಬುದನ್ನು ಒಂದೇ ಸಲ ಹೇಳಿ ನಿಲ್ಲಿಸಿದಳು. ಇದು ಯಾರ ಜಾತಕ ಎಂದು ರಂಗಲಕ್ಷ್ಮಮ್ಮ ಕೇಳಿದ್ದು ಅಪ್ಪನನ್ನು. ಅವಳದೇ ಎಂದಳು ಬಾಗಿಲ ಹತ್ತಿರ ನಿಂತಿದ್ದ ಅಮ್ಮ, ಎಷ್ಟೋ ವರ್ಷದಿಂದ ಹೊತ್ತದ್ದನ್ನು ಕೆಳಗಿಟ್ಟ ದನಿಯಲ್ಲಿ.

ರಂಗಲಕ್ಷ್ಮಮ್ಮನಿಗೆ ಕೆಮ್ಮು ಬಂತು. ಮಗ ಬೆನ್ನು ಸವರಿದ. ಕೌಸಲ್ಯ ಎದ್ದು ಒಳಗೆ ಹೋಗಿ, ಒಲೆಯ ಮೇಲಿನ ಪಾತ್ರೆಯಿಂದ ಬಿಸಿನೀರು ಬಗ್ಗಿಸಿ, ಲೋಟವನ್ನು ತಂದು ಅವರ ಮುಂದೆ ಹಿಡಿದಳು. ಅವರು ಲೋಟವನ್ನು ನೋಡಿದರು, ಅವಳನ್ನು ನೋಡಿದರು. ಕೋಪವೇನೂ ಇರಲಿಲ್ಲ ಆ ಮುಖದಲ್ಲಿ. "ಈಗ ಬೇಡಮ್ಮ" ಎಂದು ಮೆತ್ತಗೆ ಹೇಳಿ, ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡರು. ಅವಳು ಶ್ರೀಕಂಠನ ಕಡೆ ತಿರುಗಿದಳು. ಅವನು ಏನೋ ಹೇಳುವವನಂತೆ ಬಾಯಿ ತೆರೆದ. ಮನೆಗೆ ಹೋಗಿ ಕಾಗದ ಹಾಕ್ತೀವಿ, ಕುಣಿಗಲ್ ಬಸ್ಸು ತಪ್ಪಿಹೋಗತ್ತೆ ಎಂದರು ತಾಯಿ. ಅವನು ಬಾಯಿ ಮುಚ್ಚಿಕೊಂಡು ತಾಯಿಯ ಚಪ್ಪಲಿ ಹುಡುಕಿದ. ಮೆಟ್ಟಿಲಿಳಿದ ಮೇಲೆ ಒಂದು ಸಲ ಹಿಂದೆ ತಿರುಗಿ ನೋಡಿದ, ಅಷ್ಟೇ.

ಅಪ್ಪ ಕೂತಲ್ಲಿಂದ ಎದ್ದಿರಲಿಲ್ಲ. ಆಮೇಲೆ ಅವರು ಕೇಳಿದರು.

"ಬೇಕೂಂತ್ಲೇ ಮೂರನೇ ಪಾದ ಅಂದೆ, ಅಲ್ವೇನೇ?"

"ಹೂಂ."

ಅಪ್ಪ ತಲೆಯೆತ್ತಿ, ಬಾಗಿಲನ್ನಲ್ಲ, ಗೋಡೆಯನ್ನಲ್ಲ, ಅವಳ ಮುಖವನ್ನು ನೇರವಾಗಿ ನೋಡಿದರು. ಯಾರಿವಳು ಎಂಬಂತೆ ನೋಡಿದರು. ನೋಡಲಿ ಎಂದು ಅವಳು ಕದಲದೆ ನಿಂತಳು. ಕೈಯಲ್ಲಿ ಇನ್ನೂ ಆ ಲೋಟವಿತ್ತು. ಅವಳು ಅದನ್ನು ಎತ್ತಿ ಕುಡಿದಳು. ನಾಲಗೆ ಚುರ್ ಅಂದಿತು, ನೀರು ಇನ್ನೂ ಆರಿರಲಿಲ್ಲ.